ಏಳು ನಿಮಿಷದ ರೋಗಿ

ಗುಲುವಿನ ನರ್ಸಿಂಗ್ ಶಾಲೆಯಲ್ಲಿ ಇವತ್ತು ಪರೀಕ್ಷೆ.
ರೋಗಿ ಬಾಡಿಗೆಯವಳು: ನಮ್ಮ ಹಾಸ್ಟೆಲ್ಲಿನ ಅಡುಗೆಯ ಆಬಾಲೊ,
ದಿನಕ್ಕೆ ಹತ್ತು ಸಾವಿರ ಶಿಲ್ಲಿಂಗು, ಮೇಲೊಂದು ಸೋಡಾ.
ಪಾತ್ರ ನಾನೇ ಬರೆದು ಕೊಟ್ಟಿದ್ದೆ, ಒಂದೇ ಹಾಳೆ:
ಹೆಸರು ಗ್ರೇಸ್. ವಯಸ್ಸು ನಲವತ್ತು. ಗಂಡ ಬಿಟ್ಟು ಹೋಗಿದ್ದಾನೆ.
ನಿದ್ದೆ ಇಲ್ಲ. ಹಸಿವಿಲ್ಲ. ಕೇಳಿದರೆ ಮಾತ್ರ ಅಳು.

ಬೆಳಗಿನಿಂದ ಹನ್ನೊಂದು ಸಲ ಅವಳ ಗಂಡ ಬಿಟ್ಟು ಹೋದ.
ಹನ್ನೊಂದು ಸಲ ನಿದ್ದೆ ಕೆಟ್ಟಿತು.
ಹನ್ನೊಂದು ಮಂದಿ ಬಿಳಿ ಕೋಟಿನ ಗುಂಡಿ ಸರಿಮಾಡಿಕೊಂಡು
'ಕಳೆದ ಎರಡು ವಾರದಲ್ಲಿ ಎಷ್ಟು ದಿನ?' ಎಂದು ಕೇಳಿ,
ನನ್ನ ಕಡೆ ಕದ್ದು ನೋಡಿ, ಗುರುತು ಹಾಕಿಕೊಂಡರು.

ನಾನು ಮೂಲೆಯಲ್ಲಿ. ತೊಡೆಯ ಮೇಲೆ ಅಂಕಪಟ್ಟಿ, ಕೈಯಲ್ಲಿ ಸ್ಟಾಪ್‌ವಾಚು.
ಕಣ್ಣಿಗೆ ಕಣ್ಣು ಕೊಟ್ಟರೆ ಎರಡು ಅಂಕ,
'ನಿಮ್ಮ ಕಷ್ಟ ಅರ್ಥವಾಗುತ್ತದೆ' ಎಂದರೆ ಒಂದು,
ಸಾಯುವ ಯೋಚನೆ ಬಂತೇ ಎಂದು ಕೇಳಿದರೆ ಐದು.
ಕೇಳದಿದ್ದರೆ ಫೇಲು.

ಹನ್ನೆರಡನೆಯವನು ಓಜಾರ. ಪಾದೇರ್ ಕಡೆಯ ಹುಡುಗ.
ಇಂಗ್ಲಿಷಿನ ಪ್ರಶ್ನೆಯನ್ನು ಅಚೋಲಿಗೆ ತರುವಾಗ
ತುಂಬಿದ ಕೊಡ ಹೊತ್ತವನ ಹಾಗೆ ನಿಧಾನ.
ಕುರ್ಚಿ ಎಳೆದು ಎದುರಿಗಲ್ಲ, ಅವಳ ಪಕ್ಕಕ್ಕೆ ಹಾಕಿಕೊಂಡ.
(ಎದುರಿಗೇ ಕೂರಬೇಕು. ಅರ್ಧ ಅಂಕ ಕಳೆದೆ.)
ಪ್ರಶ್ನೆಗಳ ಹಾಳೆ ಮಡಚಿ ತೊಡೆಯ ಕೆಳಗಿಟ್ಟು
'ಅಮ್ಮಾ, ಕೈ ಯಾಕೆ ಕೆನ್ನೆಗೆ ಬಂತು?' ಅಂದ.

ಕೆನ್ನೆಗೆ ಕೈ. ನಮ್ಮಲ್ಲಿ ಅದಕ್ಕೆ ಕುಮು ಅನ್ನುತ್ತಾರೆ.
ಕೂರುವ ಭಂಗಿಯ ಹೆಸರೂ ಅದೇ, ಸಂಕಟದ ಹೆಸರೂ ಅದೇ.
ಜಿನೀವಾದಿಂದ ಬಂದ ದಪ್ಪ ಪುಸ್ತಕದಲ್ಲಿ ಹುಡುಕಿದ್ದೇನೆ:
ಅದರ ದಾಯಾದಿಗಳು ನಾಲ್ಕಾರು ಮಂದಿ ಸಿಕ್ಕರು,
ಅದು ಸಿಗಲಿಲ್ಲ.
ನನ್ನ ಹಾಳೆಯಲ್ಲೂ ಬರೆದಿರಲಿಲ್ಲ.

ಆಬಾಲೊ ತನ್ನ ಕೈಯನ್ನೇ ನೋಡಿಕೊಂಡಳು,
ಯಾರೋ ಬಸ್ಸಿನಲ್ಲಿ ಮರೆತು ಹೋದ ಚೀಲ ಎಂಬಂತೆ.
ಆಮೇಲೆ ಗ್ರೇಸ್ ಎದ್ದು ಹೋದಳು
ಗಂಡನನ್ನೂ ಹಸಿವನ್ನೂ ಕಟ್ಟಿಕೊಂಡು.
ಉಳಿದವಳು ಹೇಳಿದಳು:

'ಎಳ್ಳು ಹುರಿಯುತ್ತಿದ್ದೆ, ಆ ರಾತ್ರಿ.
ಒಂಬತ್ತು ವರ್ಷದವನು. ಒಂದೇ ಕಾಲಿಗೆ ಚಪ್ಪಲಿ.
ಸೊಂಟಕ್ಕೆ ಹಗ್ಗ ಬಿಗಿದು ಮಕ್ಕಳನ್ನೆಲ್ಲ ಸಾಲಾಗಿ ನಡೆಸಿದರು.
ಸೀದ ವಾಸನೆ ಬಂತು. ನಾನು ಓಡಿದೆ.
ಅವನ ಹಿಂದೆ ಅಲ್ಲ, ಮಗೂ.
ಓಡಿ ಬಾಣಲೆ ಇಳಿಸಿದೆ.'

ಹದಿನಾಲ್ಕು ವರ್ಷ ಅವಳ ಎಳ್ಳಿನ ಸಾರು ಉಂಡವನು ನಾನು.
ಇನ್ನೂ ಸ್ವಲ್ಪ ಹುರಿಯಬಾರದೇ ಎಂದು
ಗೊಣಗಿದ್ದೂ ಉಂಟು.

ಗಂಟೆ ಹೊಡೆಯಿತು. ಏಳು ನಿಮಿಷ.
ಓಜಾರ ಏಳಲಿಲ್ಲ. ಕಲಿಸಿದ ಮಾತು ಒಂದೂ ಆಡಲಿಲ್ಲ.
ಹದಿಮೂರನೆಯವಳು ಬಾಗಿಲ ಸಂದಿಯಿಂದ ಇಣುಕಿ ಹಿಂದೆ ಸರಿದಳು.
ಸೋಡಾದ ಮುಚ್ಚಳ ಹಲ್ಲಿನಿಂದ ಕಚ್ಚಿ ತೆಗೆದುಕೊಟ್ಟ.
ಅವಳು ಅರ್ಧ ಕುಡಿದು ಅವನಿಗೆ ನೀಡಿದಳು. ಅವನೂ ಕುಡಿದ.
ಅದಕ್ಕೆ ಎಷ್ಟು ಕಳೆಯಬೇಕೆಂದು ಪಟ್ಟಿಯಲ್ಲಿಲ್ಲ.

ತುಂಬಾ ಹೊತ್ತಾದ ಮೇಲೆ ಕೇಳಿದ, ಐದು ಅಂಕದ ಪ್ರಶ್ನೆ,
ಅಂಕವೇ ಇಲ್ಲದವನ ಹಾಗೆ:
'ಹೋಗಿಬಿಡೋಣ ಅನ್ನಿಸುತ್ತಾ?'
'ದಿನಾ,' ಅಂದಳು. 'ಆದರೆ ಬೆಳಿಗ್ಗೆ ಇನ್ನೂರು ಮಂದಿಗೆ ಗಂಜಿ.'
'ಹಾಗಾದರೆ ನಾಳೆ ಗಂಜಿಯ ಹೊತ್ತಿಗೆ ಬರುತ್ತೇನೆ.
ನಾಡಿದ್ದೂ.'

ಉಳಿದವರ ಪರೀಕ್ಷೆ ಮುಂದಕ್ಕೆ ಹಾಕಿದೆ, ಕರೆಂಟಿಲ್ಲ ಎಂದು ಸುಳ್ಳು ಹೇಳಿ.
ಓಜಾರನಿಗೆ ಎಷ್ಟು ಕೊಟ್ಟೆ ಎಂದು ಕೇಳಬೇಡಿ,
ಪಟ್ಟಿ ಇನ್ನೂ ಖಾಲಿ ಬಿದ್ದಿದೆ.

ಸಂಜೆ ಅಡುಗೆಮನೆಗೆ ಹೋದೆ, ಹೇಗೆ ಶುರುಮಾಡುವುದೋ ತಿಳಿಯದೆ.
ಇಪ್ಪತ್ತು ವರ್ಷದಿಂದ ಇದನ್ನೇ ಕಲಿಸುವವನು.
ಎದುರಿಗೆ ನಿಂತೆ. ಪಕ್ಕಕ್ಕೆ ಸರಿದೆ.
ಜೇಬಿನಲ್ಲಿ ಸ್ಟಾಪ್‌ವಾಚು ಓಡುತ್ತಲೇ ಇತ್ತು, ನಿಲ್ಲಿಸಲು ಮರೆತಿದ್ದೆ.
ಅವಳು ತಿರುಗಿ ನೋಡದೆಯೇ ಸೌಟು ಚಾಚಿ
'ಹಿಡೀರಿ ಮೇಷ್ಟ್ರೇ,' ಅಂದಳು,
'ಕೈ ಬಿಡದೆ ಆಡಿಸಬೇಕು. ಸೀಯುತ್ತೆ.'