ತಣ್ಣಗಿದ್ದಾಗ ಮಾತ್ರ

ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಬೇಕು ಅಂದಿದ್ದೆ,
ಅದಕ್ಕೇ ರಾತ್ರಿಯೇ ತಂದು ನಿಲ್ಲಿಸಿ ಹೋಗಿದ್ದಾನೆ ಮುದ್ದಯ್ಯ,
ಬನ್ನಿಮಂಟಪದ ನಮ್ಮ ಶೆಡ್ಡಿನ ಮುಂದೆ, ಬೇವಿನ ಕೆಳಗೆ,
ಗಾಜಿನ ತುಂಬ ಇಬ್ಬನಿ ಹೊದ್ದ ಹಳೇ ಎಸ್ಟೀಮು,
ಹೊಟ್ಟೆಯಲ್ಲಿ ಕೊಯಮತ್ತೂರಿಂದ ತರಿಸಿದ ಹೆಡರು.

ಕೀ ತಿರುಗಿಸಿದೆ.
ಟಿಕ್ ಟಿಕ್ ಟಿಕ್ ಟಿಕ್.
ಹಲ್ಲಿ ಲೊಚಗುಟ್ಟಿದ ಹಾಗೆ. ಅಲ್ಲ, ಅಷ್ಟು ನಿಧಾನವಲ್ಲ,
ಹೊಲಿಗೆ ಮಿಷಿನ್ನು ಬಟ್ಟೆಯಿಲ್ಲದೆ ಓಡಿದ ಹಾಗೆ.
ಐದು ನಿಮಿಷ. ಕಬ್ಬಿಣ ಕಾಯುತ್ತದೆ, ಹಿಗ್ಗುತ್ತದೆ,
ತನ್ನ ಸಂದನ್ನು ತಾನೇ ಮುಚ್ಚಿಕೊಂಡು
ಏನೂ ಆಗಿಲ್ಲವೆಂಬಂತೆ ಗುರುಗುಡುತ್ತದೆ.
ಮೂರು ಗ್ಯಾರೇಜು ತಿರುಗಿದ್ದನಂತೆ,
ಮೂವರಿಗೂ ಕಾದ ಗಾಡಿಯನ್ನೇ ತೋರಿಸಿದ್ದಾನೆ.
ಟ್ಯಾಪೆಟ್ ಅಂದರಂತೆ ಒಬ್ಬರು. ನಿನ್ನ ಭ್ರಮೆ ಅಂದರಂತೆ ಇನ್ನೊಬ್ಬರು.
ಮೂರನೆಯವನು ಕೆಳಗೆ ನುಸುಳಿ
ಬೋಲ್ಟು ಬಿಗಿದು ಇನ್ನೂರು ತೆಗೆದುಕೊಂಡ.

ಉಸ್ತಾದ್ ಖಾದರ್ ಷರೀಫರಿಗೆ ಈಗ ಈ ಸದ್ದು ಕೇಳಿಸುವುದಿಲ್ಲ.
ನಲವತ್ತು ವರ್ಷ ಸೈಲೆನ್ಸರಿಲ್ಲದ ಇಂಜಿನ್ನುಗಳ ಪಕ್ಕ ಕೂತ ಕಿವಿ;
ತೆಳುವಾದದ್ದೆಲ್ಲ ಮೊದಲು ಹೋಯಿತು:
ನೊಣ, ಕೈಗಡಿಯಾರ, ಹೆಂಡತಿಯ ಗೊಣಗು, ಆಮೇಲೆ ಇದು.
ನನ್ನ ಮುಖ ನೋಡುತ್ತಾರೆ.
ನಾನು ಬಾನೆಟ್ಟಿನ ಮೇಲೆ ಬೆರಳಲ್ಲಿ ಅದೇ ಲಯ ಬಡಿಯುತ್ತೇನೆ.
ಅವರು ಅಂಗೈ ಇಟ್ಟು ಓದಿಕೊಂಡು
"ಕೆಳಗಡೆ," ಅನ್ನುತ್ತಾರೆ, "ಮೇಲಲ್ಲ. ಮಾದೇವೀ, ಬತ್ತಿ ತಾ."

ಬತ್ತಿ ನಮ್ಮ ಮನೆಯದೇ.
ಅಮ್ಮ ಮಂಡಿ ಮೊಹಲ್ಲಾದ ಜಗಲಿಯಲ್ಲಿ
ಸಾವಿರಕ್ಕಿಷ್ಟೆಂದು ಹೊಸೆದದ್ದರಲ್ಲಿ ಸೊಟ್ಟಗಾದವು,
ಕಂಪನಿ ವಾಪಸು ಕೊಟ್ಟವು, ಸೆಂಟು ಕಾಣದ ಕರೀ ಬತ್ತಿ.
ದೇವರಿಗೆ ಸಲ್ಲದ್ದು ಇಲ್ಲಿ ಸಲ್ಲುತ್ತದೆ.

ಗೋಣಿ ಹಾಸಿ ಕೆಳಗೆ ಜಾರಿದೆ.
ನಾಲ್ಕು ಕೊಳವೆ ಇಳಿದು ಒಂದೇ ಬಾಯಿಗೆ ಬೀಳುವಲ್ಲಿ,
ಕಲೆಕ್ಟರ್ ಮುಗಿದು ಉದ್ದ ಪೈಪು ಶುರುವಾಗುವಲ್ಲಿ,
ಎರಡು ಫ್ಲ್ಯಾಂಜು ಮುಖಕ್ಕೆ ಮುಖ ಕೊಟ್ಟು ಕೂತಿವೆ.
ನೆಟ್ಟಗೆ ಏರುತ್ತಿದ್ದ ಹೊಗೆಯ ಎಳೆ
ಅಲ್ಲಿಗೆ ಬಂದಾಗ ನಡುಗಿತು, ಬಾಗಿತು, ಹರಿದುಹೋಯಿತು.
ಟಾರ್ಚು ಹಿಡಿದರೆ ಅಂಚಿನಲ್ಲಿ
ಬೀಡಿ ಸೇದುವವರ ತುಟಿಯ ಕೊನೆಯಂಥ ಮಸಿ.

ಬೋಲ್ಟು ಬಿಚ್ಚುವುದೇ ಅರ್ಧ ದಿನದ ಕತೆ.
ಅದಕ್ಕೆ ಡೀಸೆಲ್ಲು ಕುಡಿಸಿ ಕಾದೆ, ನಾನು ಟೀ ಕುಡಿದು ಕಾದೆ.
ಒಂದು ಬಂತು. ಒಂದು ಕೊಸರಾಡಿ ಬಂತು.
ಮೂರನೆಯದು ಕುತ್ತಿಗೆ ಮುರಿದುಕೊಂಡು ಒಳಗೇ ಉಳಿಯಿತು.
ಡ್ರಿಲ್ಲು. ಕಣ್ಣಿಗೆ ತುಕ್ಕು.
ಉಸ್ತಾದರ ಬಾಯಲ್ಲಿ ಇಲ್ಲಿ ಬರೆಯಲಾಗದ ಎರಡು ಮಾತು.

ಬಿಚ್ಚಿದ್ದನ್ನು ಹಳೇ ಕಿಟಕಿ ಗಾಜಿನ ಮೇಲೆ ಬೋರಲಿಟ್ಟರು.
ಮೂರು ಕಿವಿಯೂ ಗಾಜಿಗೆ ತಾಗಿವೆ, ಕಿವಿ ಕಿವಿಯ ನಡುವೆ ಬೆಳಕು.
ಜೇಬಿನ ಬಸ್ ಟಿಕೆಟ್ಟು ಸಲೀಸಾಗಿ ಒಳಗೆ ಹೋಯಿತು.
"ಬಿಗಿದವನು ಕೆಟ್ಟವನಲ್ಲ," ಅಂದರು,
"ಸೋರ್ತು ಅಂತ ಬಿಗಿದ, ಬಿಗಿದ ಅಂತ ಬಾಗ್ತು,
ಬಾಗ್ತು ಅಂತ ಸೋರ್ತು,
ಸೋರ್ತು ಅಂತ ಇನ್ನೊಂದು ಸುತ್ತು."

ಮಧ್ಯಾಹ್ನವಿಡೀ ಗಾಜಿಗೆ ಅಂಟಿಸಿದ ಎಮರಿ ಕಾಗದ.
ಉಜ್ಜು, ಎತ್ತು, ನೋಡು, ಉಜ್ಜು.
ಅಜ್ಜಿ ರಾಗಿಕಲ್ಲಿನ ಮುಂದೆ ಕೂರುತ್ತಿದ್ದ ಭಂಗಿಯಲ್ಲೇ ಕೂತಿದ್ದೇನೆಂದು
ಮೊಣಕಾಲು ನೋಯುವವರೆಗೆ ತಿಳಿಯಲಿಲ್ಲ.
ಮಿಂಚು ಮೊದಲು ಕಿವಿಗಳಲ್ಲಿ, ಆಮೇಲೆ ತುಣುಕು ತುಣುಕಾಗಿ,
ಕೊನೆಗೆ ಸುತ್ತೂ ಒಂದೇ ಬಳೆ.

ತಾಮ್ರದ ಗ್ಯಾಸ್ಕೆಟ್ಟು ಅಶೋಕ ರಸ್ತೆಯಿಂದ ಬಂತು.
ಕೆಂಪಗೆ ಕಾಯಿಸಿ ನೀರಿಗದ್ದಿದರು:
ಉಕ್ಕಾದರೆ ಗಡುಸಾಗುತ್ತಿತ್ತು, ತಾಮ್ರ ಮೆತ್ತಗಾಯಿತು.
ಹೊಸ ಬೋಲ್ಟು ಮೊದಲು ಬೆರಳಲ್ಲಿ,
ಆಮೇಲೆ ಸ್ವಲ್ಪ ಇದು, ಸ್ವಲ್ಪ ಅದು, ಮತ್ತೆ ಇದು.
ಸ್ಪ್ಯಾನರ್ ಇನ್ನೂ ತಿರುಗುತ್ತಿತ್ತು,
ಉಸ್ತಾದರು ಮಣಿಕಟ್ಟು ಹಿಡಿದರು.
"ಸಾಕು."
"ಇನ್ನೂ ಹೋಗುತ್ತೆ."
"ಹೋಗುತ್ತೆ. ಸಾಕು."

ರಾತ್ರಿ ಮತ್ತೆ ಬೇವಿನ ಕೆಳಗೆ, ಮತ್ತೆ ಇಬ್ಬನಿ.
ಬೆಳಿಗ್ಗೆ ಕೀ ತಿರುಗಿಸಿ ಕಿವಿಗೊಟ್ಟೆ.
ಹಾಲಿನ ವ್ಯಾನು. ಯಾರದೋ ಕೊಡ.
ಇಂಜಿನ್ನು, ಬರೀ ಇಂಜಿನ್ನು.
ಉಸ್ತಾದರು ನನ್ನ ಮುಖವನ್ನೇ ನೋಡುತ್ತಿದ್ದರು.
ಇಲ್ಲದ ಸದ್ದನ್ನು ಹೇಗೆ ಬಡಿದು ತೋರಿಸುವುದು?
ಬಾನೆಟ್ಟಿನ ಮೇಲೆ ಕೈ ಚಾಚಿ ಸುಮ್ಮನಿಟ್ಟೆ.
ಅವರೂ ಪಕ್ಕದಲ್ಲಿ ಇಟ್ಟರು,
ಗಾಡಿ ಕಾಯುವವರೆಗೂ.

"ಬಿಲ್ಲು ಬರಿ," ಅಂದರು,
"ಮುರಿದ ಬೋಲ್ಟಿಂದು ಸೇರಿಸಬೇಡ."