ಒಂದು ಗುದ್ದಿಗೆ ಎಷ್ಟು?

"ಒಂದ್ ಸೀಲ್ ಗುದ್ದಾಕೆ ಮುನ್ನೂರಾ ಮೇಡಂ?
ನೂರಕ್ಕೆ ಬರ್ರಿ.
ಕೋರ್ಟ್ ಮುಂದಿನ ಬೇವಿನಮರದಡಿ
ಐವತ್ತಕ್ಕೂ ಹಾಕ್ತಾರೆ."

ಹಾಕ್ತಾರೆ, ಮುರಿಗೇಶಪ್ಪನವರೇ.
ಸತ್ತವರ ರುಜುವಿಗೂ ಹಾಕ್ತಾರೆ.

ನಿಮ್ಮತ್ತೆ ಮಲಗಿರುವುದು ನಿಟ್ಟುವಳ್ಳಿಯಲ್ಲಿ, ಮೂರನೇ ಮಹಡಿ.
ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ
ನನ್ನ ಸ್ಕೂಟಿ ಎರಡು ಗೂಡ್ಸ್ ಗಾಡಿ ಎಣಿಸಬೇಕು.
ಆಮೇಲೆ ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮುನ್ನ
ನಿಮ್ಮನ್ನೂ ಸೇರಿಸಿ ಎಲ್ಲರನ್ನೂ ಹೊರಗೆ ಕಳಿಸಿ
ಆಕೆಯ ಕಿವಿಯಲ್ಲಿ ಕೇಳಬೇಕು:
ಅವ್ವಾ, ಇದು ನಿಮ್ಮ ಮನಸ್ಸೇನಾ?

ಆ ಕೇಳುವುದಕ್ಕೆ ಮುನ್ನೂರು.
ಸೀಲು ಬಿಟ್ಟಿ.

ಫೋನು ಕಟ್ಟಾಯಿತು.
ಇವತ್ತಿಗೆ ಇದು ಮೂರನೆಯದು.
ರಿಜಿಸ್ಟರಿನ ಗೆರೆ ಹಾಗೇ ಖಾಲಿ,
ಇಂಕ್ ಪ್ಯಾಡು ಒಣಗುತ್ತಿದೆ.

ಸಂಜೆ ಭಟ್ಟಿಯ ಬಾಗಿಲಲ್ಲಿ
ಮಂಡಕ್ಕಿ ಅಳೆಯುತ್ತಿದ್ದ ರಮೀಜಾಬಿಗೆ
"ಒಂದು ಸೇರಿಗೆ ಇಷ್ಟಾ?" ಅಂದುಬಿಟ್ಟೆ,
ನಾಲಿಗೆ ತಡೆಯಲಿಲ್ಲ.
ಆಕೆ ಮಾತಾಡಲಿಲ್ಲ.
ಬಿಸಿ ಮರಳಿಗೆ ಸುಟ್ಟ ಮೊಣಕೈ
ದೀಪದ ಕಡೆ ತಿರುಗಿಸಿದಳು.

ಕೊಟ್ಟೆ, ಪೂರ್ತಿ.
ಅವಳೇ ಒಂದು ಹಿಡಿ ಕೊಸರು ಹಾಕಿದಳು.

ರಾತ್ರಿ ಮತ್ತೆ ಅದೇ ನಂಬರು.
ಬಾಯಿ ತುಂಬ ಮಂಡಕ್ಕಿ.
ರಿಂಗಾಗಲಿ,
ನುಂಗಿ ಎತ್ತುತ್ತೇನೆ.