ಒತ್ತು, ಹಿಡಿ, ಬಿಡು

ಕ್ವೀನ್ಸ್‌ಟೌನಿಗೆ ಇಳಿಯುವ ದಾರಿಯಲ್ಲಿ ತಿರುವು
ತೊಂಬತ್ತೊಂಬತ್ತಂತೆ, ಎಣಿಸಿದವರ ಮಾತು.
ನಲವತ್ತನೆಯದರಲ್ಲೋ ಏನೋ
ಬ್ರೇಕು ರುಬ್ಬಿದ ಉದ್ದಿನ ಹಿಟ್ಟಾಯಿತು.
ಒತ್ತಿದಷ್ಟೂ ಒಳಗೆ ಹೋಗುತ್ತದೆ, ಒಲ್ಲೆ ಅನ್ನುವುದಿಲ್ಲ.
ಎರಡನೇ ಗೇರಿನಲ್ಲಿ, ಉಸಿರು ಬಿಗಿಹಿಡಿದು,
ಬೋಳುಗುಡ್ಡಗಳ ನಡುವೆ ಮನೆ ಮುಟ್ಟಿದೆ.

ಎಂಬತ್ತೆರಡರ ಹೋಲ್ಡನ್. ಮಾರಿದವಳು ಪಕ್ಕದ ಮನೆಯ ನೊರೀನ್.
ಬೇಲಿಯಾಚೆಯಿಂದಲೇ ಅಂದಳು: ಗಾಳಿ ಸೇರಿದೆ.
ನನಗೆ ನಗು. ನಮ್ಮ ಕಡೆ
ಗಾಳಿ ಸೇರಿದರೆ ಬೇವಿನಸೊಪ್ಪು ತರುತ್ತಾರೆ.
ಇವಳು ತಂದದ್ದು ಸ್ಪ್ಯಾನರು, ಜಾಮಿನ ಬಾಟಲಿ,
ಮೀನಿನ ತೊಟ್ಟಿಯಿಂದ ಕಿತ್ತ ತೆಳು ಕೊಳವೆ.
ಮೈಮೇಲೆ ಕ್ಲೆಮ್‌ನ ಗಣಿಯ ಅಂಗಿ, ತೋಳು ಮೂರು ಮಡಿಕೆ.

"ಮೂವತ್ತು ವರ್ಷ ಪೆಡಲಿನ ಮೇಲೆ ನನ್ನದೇ ಕಾಲು.
ಅವನು ಒತ್ತು ಅಂದ, ಒತ್ತಿದೆ. ಹಿಡಿ ಅಂದ, ಹಿಡಿದೆ.
ಕೆಳಗೇನು ನಡೀತಿತ್ತೋ ದೇವರೇ ಬಲ್ಲ.
ಈಗ ನೀನು ಕೂರು."
ಎಪ್ಪತ್ತಮೂರರ ಹೆಂಗಸು, ರಟ್ಟು ಹಾಸಿ
ಅಡಿಗೆ ಸರಿದಳು. ಹೊರಗುಳಿದದ್ದು ಎರಡು ಬೂಟು.

ದೂರದ ಗಾಲಿಯಿಂದ ಶುರು: ಹಿಂದಿನ ಎಡ.
ಒತ್ತು.
ಒತ್ತಿದೆ.
ಹಿಡಿ.
ಹಿಡಿದಿದೀನಿ.
ಹಸಿ ಮಣ್ಣಿನಲ್ಲಿ ಕಾಲು ಹೂತಂತೆ ಪೆಡಲು ಇಳಿಯಿತು.
ಬಿಗಿದಳು. ಬಿಡು.
ಬಾಟಲಿಗೆ ಆರಿದ ಚಹಾದ ಬಣ್ಣದ ಎಣ್ಣೆ, ಗುಳ್ಳೆ ಒಂದೂ ಇಲ್ಲ.
ಹಿಂದಿನ ಬಲ. ಮುಂದಿನ ಎಡ. ನಡುವೆ ನಾಲ್ಕು ಮಳೆಹನಿ, ಒಂದು ಬೈಗುಳ:
"ಬಿಡು ಅಂದೆನಾ ನಾನು?"
ನಾಲ್ಕೂ ಮುಗಿದವು. ಪೆಡಲು ಹಾಗೇ ಮೆತ್ತಗೆ.

ಕೆಳಗೆ ಬಹಳ ಹೊತ್ತು ಸದ್ದಿಲ್ಲ.
"ನೊರೀನ್?"
"ಇನ್ನೊಮ್ಮೆ ಒತ್ತು. ಬಿಡು. ಒತ್ತು.
ಸಿಕ್ಕೆಯಾ, ಕಳ್ಳ."
ಮುಂದಿನ ಬಲಗಾಲಿಯ ರಬ್ಬರು ಪೈಪು
ನಾನು ಒತ್ತಿದಾಗಲೆಲ್ಲ ಕಪ್ಪೆಯ ಗಂಟಲಂತೆ ಉಬ್ಬುತ್ತದಂತೆ,
ಬಿಟ್ಟರೆ ಏನೂ ಅರಿಯದ ಹಾಗೆ ಸಪೂರ.

ಆಮೇಲೆ, ದನಿ ಬೇರೆಯಾಗಿ:
"ಇಲ್ಲೊಂದು ಬರಹ ಇದೆ."
ತಗಡಿನ ಒಳಮೈಗೆ ಹಳದಿ ಸೀಮೆಸುಣ್ಣ, ಅರ್ಧ ಅಳಿಸಿದ್ದು.
ಪೈಪು. ಮುಂದಿನ ಸಂಬಳಕ್ಕೆ.

ಅದರ ಮೇಲೇ ಅವಳು ಏಳು ವರ್ಷ ಓಡಿಸಿದ್ದಾಳೆ,
ಚರ್ಚಿಗೆ, ದಂತವೈದ್ಯರಿಗೆ, ಅವನ ಗೋರಿಗೆ.

ಹೊಸ ಪೈಪು ಬರ್ನಿಯಿಂದ ಗುರುವಾರ ಬರಬಹುದು.
ಅಲ್ಲಿಯವರೆಗೆ ನಡಿ ಅಂದಳು, ಕಾಲಿದೆಯಲ್ಲ.
ಆದರೂ ಹೊರಗೆ ಬರಲಿಲ್ಲ.
"ಇನ್ನೊಂದ್ಸಲ ಒತ್ತು," ಅಂದಳು. ಒತ್ತಿದೆ.
"ಹಿಡಿ." ಹಿಡಿದೆ.
ಬೂಟುಗಳು ಅಲುಗಲಿಲ್ಲ. ನನ್ನ ಕಾಲು
ಜೋಮು ಹಿಡಿಯಿತು.